ಮುಟ್ಟದೆ ಉಳಿದ ಎರಡು ಲೋಟ ಮಜ್ಜಿಗೆ

ಹೋದ ಭಾನುವಾರ ನಮ್ಮ ಮನೆಗೆ ಯೂನಿವರ್ಸಿಟಿಯಿಂದ ಮೂವರು ಬಂದಿದ್ದರು. ಮೂವರಿಗೂ ಮಜ್ಜಿಗೆ ಕೊಟ್ಟೆ. ಒಬ್ಬರು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದರು. ಇನ್ನಿಬ್ಬರು ಮುಟ್ಟಲೇ ಇಲ್ಲ.

ಇದಕ್ಕೂ ಒಂದು ಅಂಕಣವೇ ಅಂತ ಮೂಗು ಮುರಿಯಬೇಡಿ. ಉರಿಬಿಸಿಲಲ್ಲಿ ಬಂದವರು ಮಜ್ಜಿಗೆ ಬೇಡ ಅಂದರೆ ಕೊಟ್ಟವಳ ಮನಸ್ಸಿಗೆ ಹೇಗಾಗಬೇಡ? ಉಪ್ಪು ಜಾಸ್ತಿಯಾಯಿತೇ? ಹುಳಿ ಬಂದಿದೆಯೇ? ಅಥವಾ (ಈ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ) ನಮ್ಮ ಮನೆಯದು ಅವರಿಗೆ ಆಗುವುದಿಲ್ಲವೇ?

ತಾಳಿ, ಮೊದಲಿಂದ ಹೇಳುತ್ತೇನೆ.

ನಮ್ಮ ಮನೆ ಇರುವುದು ಮೇಟಗಳ್ಳಿಯಲ್ಲಿ. ಮಹಡಿ ಮೇಲೆ ಬಾಡಿಗೆಗೆ ಶೋಭಾ ಇದ್ದಾಳೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಮಗಳು ಹೈಸ್ಕೂಲು. ಶೋಭಾ ಹೆಬ್ಬಾಳದ (ಬೆಂಗಳೂರಿನದಲ್ಲ, ನಮ್ಮೂರಿನದು) ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಬೆಳಗ್ಗೆ ಬಸ್ಸು ಹತ್ತಿ ಹೋದರೆ ಸಂಜೆವರೆಗೂ ಬರೀ ಕಾಲರ್. ಗಂಡನ ಅಂಗಿಗೆ ಗುಂಡಿ ಹಾಕು ಅಂದರೆ ಮಾತ್ರ ಕೆಂಡದಂಥ ಕೋಪ ಬರುತ್ತದೆ.

ಯುಗಾದಿಗೆ ಮುಂಚೆ ಒಂದು ದಿನ ಶೋಭಾ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಮೈ ಕೆಂಡ, ಗಡಗಡ ನಡುಕ. ಗಂಡ ಲೋಡ್ ತೆಗೆದುಕೊಂಡು ನಂಜನಗೂಡಿಗೆ ಹೋಗಿದ್ದ. ನಾನೇ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂತ್ರದ ಸೋಂಕು ಮೇಲೇರಿ ಕಿಡ್ನಿಗೆ ಹೋಗಿದೆ ಅಂದರು. ಅಡ್ಮಿಟ್ ಮಾಡಿಕೊಂಡರು.

ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟು: "ಮಾತ್ರೆ ನಾನು ಕೊಡ್ತೀನಿ, ನೀರು ನೀವು ಕುಡೀಬೇಕು. ಹಿಂಗೇ ಮತ್ತೆ ಮತ್ತೆ ಬಂದ್ರೆ ಕಿಡ್ನಿ ಹೋಗುತ್ತೆ ಕಣಮ್ಮ."

ಅವಳ ಗಂಡ ಅವತ್ತೇ ದೊಡ್ಡ ನೀರಿನ ಬಾಟಲಿ ತಂದುಕೊಟ್ಟ. ಶೋಭಾ ದಿನಾ ತುಂಬಿಸಿಕೊಂಡು ಹೋಗುತ್ತಾಳೆ. ದಿನಾ ತುಂಬಿಸಿಕೊಂಡೇ ವಾಪಸ್ ಬರುತ್ತಾಳೆ! ನನಗೆ ಹೇಗೆ ಗೊತ್ತು ಅಂತೀರಾ? ಸಂಜೆ ಮೆಟ್ಟಿಲು ಹತ್ತುವ ಮೊದಲು ಬಾಟಲಿಯ ನೀರನ್ನೆಲ್ಲ ನಮ್ಮ ಕರಿಬೇವಿನ ಗಿಡಕ್ಕೆ ಸುರಿಯುತ್ತಾಳೆ. ಈ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೆಲ್ಲ ನಮ್ಮ ಗಿಡವೊಂದೇ ಚಿಗುರಿರುವುದು.

ಕೇಳದೆ ಬಿಡುವವಳೇ ನಾನು?

"ಯಾಕೇ ಕುಡಿಯಲ್ಲ?"

"ಕುಡೀತೀನಿ ಬುಡಿ ಅಕ್ಕಾ."

"ಟಾಯ್ಲೆಟ್ ಗಲೀಜಾ?"

"ಇಲ್ಲಕ್ಕಾ, ಟೈಲ್ಸ್ ಹಾಕವ್ರೆ. ನಮ್ಮನೇದಕ್ಕಿಂತ ಚೆನ್ನಾಗದೆ."

(ನಮ್ಮನೇದು ಅಂದರೆ ನಾನು ಕಟ್ಟಿಸಿಕೊಟ್ಟದ್ದು. ನುಂಗಿಕೊಂಡೆ.)

"ಸೂಪರ್‌ವೈಸರ್ ಬಿಡಲ್ವಾ?"

"ಕೇಳಿದ್ರೆ ಬುಡ್ತಾರೆ."

"ಮತ್ತೇನೇ ನಿನ್ನ ರೋಗ, ಸೋಮಾರಿ?"

"ಏನೂ ಇಲ್ಲ ಬುಡಿ ಅಕ್ಕಾ." ಇಷ್ಟು ಹೇಳಿ ಮೆಟ್ಟಿಲು ಹತ್ತಿಬಿಡುತ್ತಾಳೆ. ಹೋದ ತಿಂಗಳು ಸೋಂಕು ಮತ್ತೆ ಬಂತು, ಮತ್ತೆ ಮಾತ್ರೆ ಶುರುವಾಯಿತು. ನನಗೆ ನಿಜವಾಗಲೂ ಭಯ ಹತ್ತಿತು. ಆ ಹುಡುಗಿಗೆ ಇನ್ನೂ ಎಷ್ಟು ವಯಸ್ಸು?

ಇಂಥ ಹೊತ್ತಲ್ಲಿ ಬಂದವರು ಈ ಮೂವರು. ಗಾರ್ಮೆಂಟ್ಸ್ ಹೆಂಗಸರಲ್ಲಿ ಈ ಕಾಯಿಲೆ ಯಾಕೆ ಇಷ್ಟು ಅಂತ ಯೂನಿವರ್ಸಿಟಿಯವರು ಅಧ್ಯಯನ ಮಾಡುತ್ತಿದ್ದಾರಂತೆ. ಕಾರ್ಖಾನೆಯೊಳಗೆ ಕೇಳಿದರೆ ಎಲ್ಲರೂ "ಎಲ್ಲಾ ಚೆನ್ನಾಗದೆ" ಅನ್ನುತ್ತಾರೆ, ಅದಕ್ಕೇ ರಜಾ ದಿನ ಮನೆ ಮನೆಗೆ ಹೋಗಿ ಕೇಳುವುದು. ಮೇಲೆ ಶೋಭಾಳದು ಶೀಟಿನ ಮನೆ, ಮಧ್ಯಾಹ್ನಕ್ಕೆ ಕಾದು ಬಾಣಲೆ. "ಇಲ್ಲೇ ನಮ್ಮ ಹಾಲ್‌ನಲ್ಲಿ ಕೂತ್ಕೊಳ್ಳಿ" ಅಂದೆ. ಒಳ್ಳೆಯತನ ಅಂದುಕೊಳ್ಳಬೇಡಿ. ಅವರು ಮಾತಾಡುವುದನ್ನು ನಾನು ಕೇಳಿಸಿಕೊಳ್ಳಬೇಕಿತ್ತು.

ಅಶ್ವಿನಿ ಡಾಕ್ಟರು, ಸಮುದಾಯ ಆರೋಗ್ಯದವರು. ನಜ್ಮಾ ಸಮಾಜಶಾಸ್ತ್ರ ಪಾಠ ಮಾಡುವವರು. ಪ್ರಸಾದ್ ಎಂಜಿನಿಯರ್, ಕಾರ್ಖಾನೆಗಳಲ್ಲಿ ಕೆಲಸ ಹೇಗೆ ಸಾಗುತ್ತದೆ ಅನ್ನುವುದು ಅವರ ವಿಷಯ.

"ಒಂದು ಉರಿಮೂತ್ರಕ್ಕೆ ಮೂರು ಡಿಪಾರ್ಟ್‌ಮೆಂಟಾ?" ಅಂದರು ನಮ್ಮವರು, ಪೇಪರಿನ ಹಿಂದಿನಿಂದ. ನಾನು ಕಣ್ಣು ಬಿಟ್ಟೆ. ಅವರು ಪೇಪರ್ ಸಮೇತ ಒಳಗೆ ಹೋದರು.

ಪ್ರಸಾದ್ ಬೇಜಾರು ಮಾಡಿಕೊಳ್ಳಲಿಲ್ಲ. "ಎಲ್ಲರೂ ಇದನ್ನೇ ಕೇಳ್ತಾರೆ ಮೇಡಂ. ನಮ್ಮಂಥ ದೇಶಗಳಲ್ಲಿ ಎಲ್ಲಾ ಕಡೆ ಇದೇ ಕಥೆ. ಮೆಷಿನ್ ಎಲ್ಲಿಂದಲೋ ಬರುತ್ತೆ, ಅದರ ಜೊತೆಗೆ ಕೆಲಸ ಮಾಡಿಸೋ ರೀತಿಯೂ ಬರುತ್ತೆ. ಕೂತು ಹೊಲಿಯೋರು ಮಾತ್ರ ನಮ್ಮೋರು. ಎಲ್ಲಿ ಎಡವಟ್ಟಾಗುತ್ತೆ ಅನ್ನೋದು ಒಬ್ಬರಿಗೇ ಕಾಣಲ್ಲ" ಅಂದರು.

ಮಾತು ಚೆನ್ನಾಗಿತ್ತು. ಆದರೆ ಮೂವರೂ ಒಂದೊಂದು ಉತ್ತರವನ್ನು ಆಗಲೇ ಜೇಬಲ್ಲಿ ಇಟ್ಟುಕೊಂಡೇ ಬಂದಹಾಗಿತ್ತು. ಅಶ್ವಿನಿ ಅವರಿಗೆ ಇದು ತಿಳಿವಳಿಕೆಯ ಕೊರತೆ, ಹೆಂಗಸರಿಗೆ ನೀರಿನ ಮಹತ್ವ ಹೇಳಬೇಕು. ಪ್ರಸಾದ್ ಅವರಿಗೆ ನೀರಿನ ನಲ್ಲಿ ದೂರ ಇರಬೇಕು, ಟಾಯ್ಲೆಟ್ ಸಾಲದಿರಬೇಕು. ನಜ್ಮಾ ಅವರಿಗೆ ಸೂಪರ್‌ವೈಸರ್ ಭಯ. ನನಗಂತೂ ಕೇಳುತ್ತಾ ಕೇಳುತ್ತಾ ಕುತೂಹಲ ತಡೆಯಲಾಗಲಿಲ್ಲ. ಮೂವರಲ್ಲಿ ಗೆಲ್ಲುವವರು ಯಾರು?

ಯಾರೂ ಗೆಲ್ಲುವ ಲಕ್ಷಣ ಕಾಣಲಿಲ್ಲ. ಯಾಕೆಂದರೆ ನಮ್ಮ ಶೋಭಾ ಕೈ ಕಟ್ಟಿ ಕೂತು ಶಾಲೆ ಹುಡುಗಿ ಹಾಗೆ ಉತ್ತರ ಹೇಳತೊಡಗಿದಳು.

"ಕೆಲಸದ ಹೊತ್ತಲ್ಲಿ ನೀರು ಕುಡೀತೀರಾ?"

"ಕುಡೀತೀನಿ ಮೇಡಂ."

"ಎಷ್ಟು ಕುಡೀತೀರಾ?"

"ಬೇಕಾದಷ್ಟು."

"ಟಾಯ್ಲೆಟ್‌ಗೆ ಹೋಗೋಕೆ ಯಾರಾದ್ರೂ ಬೇಡ ಅಂತಾರಾ?"

"ಯಾರೂ ಅನ್ನಲ್ಲ ಮೇಡಂ."

ಕಿಟಕಿಯಾಚೆ ಕರಿಬೇವಿನ ಗಿಡ ನಳನಳಿಸುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು ನನಗೆ. ಆದರೆ ನಾಲ್ಕು ಜನರ ಮುಂದೆ ಅವಳನ್ನು ಸುಳ್ಳಿ ಅನ್ನಿಸುವುದು ಹೇಗೆ? ಸುಮ್ಮನೆ ಎದ್ದೆ, ಇನ್ನಷ್ಟು ಮಜ್ಜಿಗೆ ತರೋಣವೆಂದು. ಆಗಲೇ ಆ ಎರಡು ಲೋಟ ಕಣ್ಣಿಗೆ ಬಿದ್ದದ್ದು. ಕಂಠಮಟ್ಟ ತುಂಬಿವೆ. ಕೊತ್ತಂಬರಿ ಸೊಪ್ಪು ಮೇಲೆ ಹಾಗೇ ತೇಲುತ್ತಿದೆ.

ನಜ್ಮಾ ಅವರಿಗೆ ಉಪವಾಸವಿರಬೇಕು ಅಂದುಕೊಂಡೆ. (ರಂಜಾನ್ ಮುಗಿದು ಎಷ್ಟು ಕಾಲವಾಗಿತ್ತು!) ಹಾಗಾದರೆ ಅಶ್ವಿನಿ ಅವರಿಗೇನು? ಶನಿವಾರವೂ ಅಲ್ಲ, ಏಕಾದಶಿಯೂ ಅಲ್ಲ.

ಬಾಯಿ ಬಿಟ್ಟು ಕೇಳಿಯೇಬಿಟ್ಟೆ. "ಯಾಕ್ರೀ, ನಮ್ಮನೆ ಮಜ್ಜಿಗೆ ನಿಮಗಾಗಲ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಶ್ವಿನಿ ಕೆಂಪಾದರು. "ಅಯ್ಯೋ, ಹಾಗಲ್ಲ ಆಂಟಿ. ದಯವಿಟ್ಟು ತಪ್ಪು ತಿಳ್ಕೋಬೇಡಿ. ಫೀಲ್ಡಿಗೆ ಬಂದ ದಿನ ನಾವು ಏನೂ ಕುಡಿಯಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ಬೀದಿ ಬೀದಿ ಸುತ್ತಬೇಕು. ಆಮೇಲೆ ಎಲ್ಲಿಗೆ ಹೋಗೋದು ಹೇಳಿ?"

"ಎಲ್ಲಿಗೆ ಅಂದ್ರೆ? ಬಚ್ಚಲುಮನೆ ಇಲ್ಲೇ ಇದೆಯಲ್ಲಮ್ಮ!"

"ಮೊದಲನೇ ಸಲ ಬಂದ ಮನೇಲಿ ಹೇಗೆ ಕೇಳೋದು? ಮುಲಾಜು ಆಂಟಿ."

ಪ್ರಸಾದ್ ಎರಡನೇ ಲೋಟವನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ನಿಲ್ಲಿಸಿದರು. "ಇಷ್ಟು ದಿನ ಜೊತೇಲಿ ಸುತ್ತಿದ್ದೀವಿ. ಒಂದು ಮಾತು ಹೇಳ್ಲಿಲ್ವಲ್ಲ ನೀವು?"

"ನೀವು ಕೇಳ್ಲಿಲ್ಲ" ಅಂದರು ನಜ್ಮಾ.

ನೋಡಿದಿರಾ ವಿಚಿತ್ರ? ಹೆಂಗಸರು ನೀರು ಯಾಕೆ ಕುಡಿಯುವುದಿಲ್ಲ ಅಂತ ಊರೆಲ್ಲ ಕೇಳಿಕೊಂಡು ಬಂದವರೇ ಬೆಳಗ್ಗೆಯಿಂದ ಗಂಟಲು ಒಣಗಿಸಿಕೊಂಡು ಕೂತಿದ್ದಾರೆ! ಅದರಲ್ಲೊಬ್ಬರು ಡಾಕ್ಟರು ಬೇರೆ. ಬೆಂಗಳೂರು ಬಸ್ಸು ಹತ್ತುವ ದಿನ ಕಾಫಿ ಬೇಡ ಅನ್ನುವ ನಾನಾದರೂ ಯಾವ ಬಾಯಲ್ಲಿ ನಗಲಿ?

ನಕ್ಕದ್ದು ಶೋಭಾ. ಮೊದಲು ದುಪಟ್ಟಾ ಬಾಯಿಗೆ ಅಡ್ಡ ಇಟ್ಟುಕೊಂಡಳು, ತಡೆಯಲಾಗದೆ ಜೋರಾಗಿಯೇ ನಕ್ಕಳು. "ಅಯ್ಯೋ ಶಿವನೇ! ಮೇಡಂ, ನೀವೂ ಕುಡಿಯಲ್ವಾ?"

ಆಮೇಲೆ ಕೈ ಕಟ್ಟಿ ಕೂತಿದ್ದ ಹುಡುಗಿ ಕಟ್ಟಿದ ಕೈ ಬಿಟ್ಟಳು.

"ನಾನೂ ಕುಡಿಯಲ್ಲ ಮೇಡಂ. ಆಗ್ಲೇ ಸುಳ್ಳೇಳ್ದೆ. ಸೂಪರ್‌ವೈಸರ್ ಬುಡ್ತಾರೆ, ನಿಜ. ಆದ್ರೆ ನನ್ ಪಕ್ಕ ಮಂಜುಳಾ ಕೂತವ್ಳೆ."

ಮಂಜುಳಾ ಯಾರು? ಶೋಭಾ ಕಾಲರ್ ಕೂರಿಸಿದ ಅಂಗಿ ಹೋಗುವುದು ಪಕ್ಕದ ಮೆಷಿನ್ನಿನ ಮಂಜುಳಾ ಕೈಗೆ. ಅವಳು ತೋಳು ಕೂರಿಸಬೇಕು. ಶೋಭಾ ಎದ್ದು ಹೋದರೆ ಈ ಕಡೆ ಅಂಗಿಗಳು ಗುಡ್ಡೆ ಬೀಳುತ್ತವೆ, ಆ ಕಡೆ ಮಂಜುಳಾ ಕೈ ಖಾಲಿ. ಸೂಪರ್‌ವೈಸರ್ ಬಂದು ಲೆಕ್ಕ ನೋಡುವುದು ತೋಳು ಕೂರಿಸಿದ ಅಂಗಿಗಳದು. ಕಡಿಮೆಯಿದ್ದರೆ ಮಂಜುಳಾಗೆ ಮಂಗಳಾರತಿ.

"ಎದ್ದೋದೋಳು ನಾನು, ಎಲ್ರ ಮುಂದೆ ಬೈಸ್ಕೊಳ್ಳೋಳು ಅವ್ಳು" ಅಂದಳು ಶೋಭಾ. "ಅವ್ಳು ನಂಗೆ ಒಂದು ಮಾತೂ ಅನ್ನಲ್ಲ ಮೇಡಂ. ಅಂದ್ಬುಟ್ಟಿದ್ರೆ ಜಗಳ ಆಡ್ಕೊಂಡು ಎದ್ದೋಯ್ತಿದ್ದೆ. ಏನೂ ಅನ್ನಲ್ವಲ್ಲ, ಅಂಥೋಳ್ಗೆ ಎಂಗೆ ಬೈಸ್ಲಿ?"

ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಈ ಹುಡುಗಿ ಗೆಳತಿಗೆ ಬೈಗುಳ ತಪ್ಪಿಸಲು ಕಿಡ್ನಿ ಕೊಡುತ್ತಿದ್ದಾಳೆ, ನಾನು ಇಷ್ಟು ದಿನ ಅವಳಿಗೆ ಸೋಮಾರಿ ಅಂತ ಬೈಯುತ್ತಿದ್ದೆ.

ಆಮೇಲಿನ ಅರ್ಧ ಗಂಟೆ ಇದೆಯಲ್ಲ, ಅದು ನೋಡುವ ಹಾಗಿತ್ತು. ಪ್ರಸಾದ್ ನಮ್ಮ ಟೀಪಾಯಿಯ ಮೇಲೆ ಲೋಟ, ತಟ್ಟೆ, ರಿಮೋಟು ಎಲ್ಲವನ್ನೂ ಸಾಲಾಗಿ ಜೋಡಿಸಿ ಗಾರ್ಮೆಂಟ್ಸ್ ಲೈನ್ ಮಾಡಿಬಿಟ್ಟರು. ಚಟ್ನಿಪುಡಿ ಡಬ್ಬಿ ಶೋಭಾ, ಸಕ್ಕರೆ ಡಬ್ಬಿ ಮಂಜುಳಾ. "ಇಲ್ಲಿ ಒಂಚೂರೂ ಸಡಿಲ ಇಟ್ಟಿಲ್ಲ. ಮೆಷಿನ್ ಕೆಟ್ರೆ ಬದಲಿ ಮೆಷಿನ್ ಇದೆ, ಮನುಷ್ಯರು ಎದ್ರೆ ಬದಲಿ ಇಲ್ಲ. ಲೈನಿಗೊಬ್ಬರು ಹೆಚ್ಚುವರಿ ಟೈಲರ್ ಇದ್ರೆ ಸಾಕು. ಯಾರು ಎದ್ರೂ ಅವರ ಜಾಗದಲ್ಲಿ ಕೂರ್ತಾರೆ" ಅಂದರು. ನಜ್ಮಾ, "ನಾವು ಭಯದ ಬಗ್ಗೆ ಎಷ್ಟೊಂದು ಪ್ರಶ್ನೆ ಹಾಕಿದ್ದೀವಿ. ಮುಲಾಜಿನ ಬಗ್ಗೆ ಒಂದೂ ಇಲ್ಲ" ಅಂತ ತಲೆ ಚಚ್ಚಿಕೊಂಡರು. ಅಶ್ವಿನಿ ಶೋಭಾಳ ಪಕ್ಕ ಹೋಗಿ ಕೂತು ಅವಳ ಮಾತ್ರೆಗಳನ್ನೆಲ್ಲ ತರಿಸಿ ನೋಡಿದರು. ಸೋಂಕು ಮೂರನೇ ಸಲ ಬರಲು ಬಿಡಬಾರದು ಅಂತ ಗಟ್ಟಿಯಾಗಿ ಹೇಳಿದರು.

ಮೂರು ಡಿಪಾರ್ಟ್‌ಮೆಂಟ್ ಯಾಕೆ ಬೇಕು ಅನ್ನುವುದು ನನಗೆ ಆಗ ತಿಳಿಯಿತು. ಡಾಕ್ಟರು ಒಬ್ಬರೇ ಬಂದಿದ್ದರೆ ನೀರು ಕುಡಿ ಅಂತ ಹೇಳಿ ಹೋಗುತ್ತಿದ್ದರು. ಎಂಜಿನಿಯರ್ ಒಬ್ಬರೇ ಬಂದಿದ್ದರೆ ಇನ್ನೊಂದು ಟಾಯ್ಲೆಟ್ ಕಟ್ಟಿಸಿ ಹೋಗುತ್ತಿದ್ದರು. ಸಂಕೋಚ ಗೊತ್ತಿರುವವರು, ಲೈನ್ ಗೊತ್ತಿರುವವರು, ಕಿಡ್ನಿ ಗೊತ್ತಿರುವವರು ಒಂದೇ ಟೀಪಾಯಿಯ ಸುತ್ತ ಕೂತ ಮೇಲೆ ತಾನೇ ವಿಷಯ ಹೊರಬಂದದ್ದು? (ಮಜ್ಜಿಗೆಯ ಪಾತ್ರವನ್ನು ವರದಿಯಲ್ಲಿ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಇಲ್ಲಿ ಬರೆದದ್ದು.)

ಅಂದಹಾಗೆ, ಇಬ್ಬರಿಗೂ ಬಚ್ಚಲುಮನೆ ತೋರಿಸಿದೆ. ಆಮೇಲೆ ಮಜ್ಜಿಗೆ ಕುಡಿದರು. ಉಪ್ಪು ಸರಿಯಾಗಿತ್ತಂತೆ.

ಸೋಮವಾರ ಊಟದ ಹೊತ್ತಲ್ಲಿ ಶೋಭಾ ಮಂಜುಳಾಗೆ ಎಲ್ಲ ಹೇಳಿದಳಂತೆ. ಮಂಜುಳಾ ಡಬ್ಬಿ ಮುಚ್ಚಿ ಅವಳನ್ನೇ ದಿಟ್ಟಿಸಿದಳಂತೆ. "ನಾನೂ ನೀರು ಕುಡಿಯಲ್ಲ ಕಣೇ. ನಾನೆದ್ರೆ ಕಾಲರ್ ಜೊತೆ ತೋಳೂ ನಿನ್ ಕೈಲೇ ಹೊಲಿಸ್ತಾರೆ. ಮೊದ್ಲೇ ನಿಂಗೆ ಸೊಂಟನೋವು."

ಪಕ್ಕಪಕ್ಕದಲ್ಲೇ ಕೂತ ಇಬ್ಬರು, ಒಬ್ಬರಿಗಾಗಿ ಒಬ್ಬರು ಬಾಯಾರಿಕೊಂಡು, ಒಬ್ಬರಿಗೊಬ್ಬರು ಹೇಳದೆ ಎಷ್ಟು ಕಾಲ ಕಳೆದರಪ್ಪಾ! ಈಗ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಬೆಳಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು ಏಳುವುದು, ಬೈಗುಳ ಬಂದರೆ ಇಬ್ಬರೂ ಹಂಚಿಕೊಳ್ಳುವುದು. ಬಾಟಲಿ ಅರ್ಧ ಖಾಲಿಯಾಗುತ್ತಿದೆ. ಡಾಕ್ಟರು ಹೇಳಿದ್ದಕ್ಕೆ ಅದು ಏನೇನೂ ಸಾಲದು.

ಯೂನಿವರ್ಸಿಟಿಯವರು ವರದಿಗೂ ಕಾಯದೆ ಗುರುವಾರವೇ ಮ್ಯಾನೇಜರ್ ಹತ್ತಿರ ಹೋಗಿ ಹೆಚ್ಚುವರಿ ಟೈಲರ್ ವಿಷಯ ಮಾತಾಡಿದರಂತೆ. ಪ್ರಸಾದ್ ಫೋನಲ್ಲಿ ಹೇಳಿದರು. ಮ್ಯಾನೇಜರ್ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು, ಕಾಫಿ ಕೊಟ್ಟರು, "ವರದಿ ಬರಲಿ, ಟೈಲರ್ ವಿಷಯ ಆಮೇಲೆ ನೋಡೋಣ. ಅಲ್ಲೀವರೆಗೂ ನಮ್ಮ ಕಡೆಯಿಂದ ಏನಾದ್ರೂ ಮಾಡೇ ಮಾಡ್ತೀವಿ" ಅಂದರಂತೆ.

ಮಾಡಿದರು ಕೂಡ. ನಿನ್ನೆ ಸಂಜೆ ಶೋಭಾ ಗೇಟು ತೆಗೆದುಕೊಂಡು ಬರುತ್ತಲೇ ಹೇಳಿದಳು.

"ಅಕ್ಕಾ, ನೀರಿನ ನಲ್ಲಿ ಹತ್ರ ದೊಡ್ಡ ಬೋರ್ಡ್ ಹಾಕವ್ರೆ. 'ಹೆಚ್ಚು ನೀರು ಕುಡಿಯಿರಿ, ಆರೋಗ್ಯವಾಗಿರಿ' ಅಂತ ಬರ್ದವ್ರಂತೆ."

"ಬರೆದಿದ್ದಾರಂತೆ ಅಂದ್ರೆ? ನೀನು ಓದಲಿಲ್ವಾ?"

"ಎಲ್ಲಿ ಅಕ್ಕಾ! ಅದ್ನ ಓದಕ್ಕೂ ಮೆಷಿನ್ ಬುಟ್ಟು ಏಳ್ಬೇಕಲ್ಲ?"