ಸಿರಿಶಾಳನ್ನು ಕೇಳದೆ ಗೊತ್ತುಮಾಡಿದ ಎಲೆಕ್ಟ್ರಿಷಿಯನ್

ರೇನರ್ಸ್ ಲೇನ್ ಎಂಬ ಇಂಗ್ಲಿಷ್ ಬಡಾವಣೆಯ ಸಿರಿಶಾ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಸುತ್ತಲಿನ ಕನ್ನಡದ ಮನೆಗಳವರು ಅವಳಿಗೆ ಇನ್ನೊಂದು ಕೆಲಸವನ್ನೂ ವಹಿಸಿದ್ದರು. ಅದಕ್ಕೆ ಸಂಬಳವಿರಲಿಲ್ಲ, ಮರ್ಯಾದೆಯಿತ್ತು. ಪ್ಲಂಬರ್ ಬರಲಿ, ಎಲೆಕ್ಟ್ರಿಷಿಯನ್ ಬರಲಿ, ಮೊದಲು ಸಿರಿಶಾಳಿಗೆ ಫೋನು. ಅವಳು ಆ ಮನುಷ್ಯನ ಪೂರ್ವಾಪರ ಜಾಲಾಡಿ ‘ಕರೀರಿ’ ಎಂದರೆ ಕರೆಯುತ್ತಿದ್ದರು, ‘ಬೇಡ’ ಎಂದರೆ ಬಿಡುತ್ತಿದ್ದರು.

ಈ ವರ್ಷ ಅಮೂಲ್ಯಾ ಬಂದಳು. ಕ್ಯಾನರಿ ವಾರ್ಫ್‌ನ ಬ್ಯಾಂಕಿನಲ್ಲಿ ಕೆಲಸ, ಎಲ್ಲರೊಡನೆ ಸಲಿಗೆ. ಅಡುಗೆಮನೆ ಹೊಸದು ಮಾಡಿಸಿ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದಳು. ‘ವೈರಿಂಗ್ ಮಾಡಿದ್ದು ಸ್ಟೀವನ್. ಉಡುಪಿ ಕಡೆಯವ್ರು, ಚಿನ್ನದಂಥ ಮನುಷ್ಯ.’ ಅವನ ಕಂಪನಿಯ ಹೆಸರನ್ನೂ ಬರೆದಿದ್ದಳು. ಮೆಚ್ಚುಗೆ ಹರಿದುಬಂತು. ಸಿರಿಶಾ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಸ್ವಿಚ್ಚೊಂದೂ ಸೊಟ್ಟಗಿರಲಿಲ್ಲ.

ಅಷ್ಟನ್ನು ನುಂಗಿಕೊಂಡಿದ್ದಳು. ಆದರೆ ಪಕ್ಕದ ಪಿನ್ನರ್‌ನ ಚಂದ್ರಿಕಾ ಅವಳ ತೀರ ಹಳೆಯ ಗೆಳತಿ; ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಇಬ್ಬರೂ ಒಂದೇ ಹೀಟರಿನ ಮುಂದೆ ಕಳೆದವರು. ಅವಳೇ ಕಾಫಿ ಕೊಡುತ್ತ ಹೇಳಿದಳು: “ಶನಿವಾರ ಸ್ಟೀವನ್ ಬರ್ತಾನೆ ಕಣೆ, ಫ್ಯೂಸ್ ಬೋರ್ಡ್ ಬದಲಾಯ್ಸಕ್ಕೆ.”

“ನನ್ನ ಒಂದು ಮಾತು ಕೇಳ್ಲೇ ಇಲ್ವಲ್ಲೇ?”

“ಅಮೂಲ್ಯಾ ಹೇಳಿದ್ಲಲ್ಲ. ಅಲ್ದೆ ನಮ್ಮೋನು. ಮೊನ್ನೆ ನೋಡೋಕೆ ಬಂದಾಗ ಅಕ್ಕಾ ಅಂತ ಕರ್ದು, ಚಿತ್ರಾನ್ನ ತಿಂದು ಹೋದ. ಅಂಥೋನ ಹತ್ರ ಪೇಪರ್ ತೋರ್ಸಪ್ಪಾ ಅಂತ ಹೆಂಗ್ ಕೇಳ್ಲಿ?”

ಸಿರಿಶಾಳಿಗೆ ಕಾಫಿ ರುಚಿಸಲಿಲ್ಲ. ಮನೆಗೆ ಬಂದವಳೇ ನೋಂದಾಯಿತ ಎಲೆಕ್ಟ್ರಿಷಿಯನ್‌ಗಳ ವೆಬ್‌ಸೈಟ್ ತೆರೆದಳು. ಇದುವರೆಗೆ ಪ್ರತಿ ಸಲವೂ ಆ ಮನುಷ್ಯ ಒಳ್ಳೆಯವನಾಗಿರಲಿ ಎಂದುಕೊಂಡೇ ಹುಡುಕಿದ್ದಳು. ಈ ಸಲ ಹಾಗಿರಲಿಲ್ಲ. ಸ್ಟೀವನ್‌ನ ಹೆಸರು ಸಿಗಲಿಲ್ಲ. ಅವಳ ಎದೆ ಹಗುರಾಯಿತು.

ಗುಂಪಿಗೆ ಅದನ್ನು ಬರೆದೂಬಿಟ್ಟಿದ್ದಳು, ಕಳಿಸುವುದಷ್ಟೇ ಬಾಕಿ. ಆದರೆ ಅರ್ಧ ಹುಡುಕಿ ಪೂರ್ತಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಅಮೂಲ್ಯಾ ಬರೆದಿದ್ದ ಕಂಪನಿಯನ್ನು ಹುಡುಕಿದಳು. ಅದು ನೋಂದಣಿಯಲ್ಲಿತ್ತು. ಫೋನು ಮಾಡಿದಾಗ, ಸ್ಟೀವನ್ ಕಳೆದ ತಿಂಗಳು ಕೆಲಸ ಬಿಟ್ಟ ಎಂದರು. ಹಾಗಾದರೆ ಅದಕ್ಕೆ ಮೊದಲೇ ಮುಗಿದಿದ್ದ ಅಮೂಲ್ಯಾಳ ಮನೆಯ ಕೆಲಸ ಕಂಪನಿಯ ಹೊಣೆಯಲ್ಲಿ ಕ್ರಮವಾಗಿಯೇ ಆಗಿತ್ತು. ಈಗ ಅವನು ಒಂಟಿ. ತನ್ನ ಹೆಸರಿನ ನೋಂದಣಿ ಇಲ್ಲ. ಊರಿನ ಆಡಳಿತ ನೋಡುವ ಕೌನ್ಸಿಲ್‌ಗೆ ತಿಳಿಸದೆ ಅವನಿಂದ ಬೋರ್ಡ್ ಹಾಕಿಸಿದರೆ ಚಂದ್ರಿಕಾಳಿಗೆ ಕೆಲಸ ನಿಯಮದಂತೆ ಆಗಿದೆ ಎಂಬ ಪ್ರಮಾಣಪತ್ರ ಸಿಗದು. ನಾಳೆ ಮನೆ ಮಾರುವಾಗ ವಕೀಲರು ಮೊದಲು ಕೇಳುವುದು ಅದನ್ನೇ.

ಅಮೂಲ್ಯಾಳ ತಪ್ಪೇನೂ ಇರಲಿಲ್ಲ. ಸಿರಿಶಾಳಿಗೆ ಅದೊಂದೇ ನಿರಾಶೆ. ಬರೆದದ್ದನ್ನು ಅಳಿಸಿ ಚಂದ್ರಿಕಾಳಿಗೆ ಫೋನು ಮಾಡಿದಳು.

ಎಲ್ಲ ಕೇಳಿಸಿಕೊಂಡು ಚಂದ್ರಿಕಾ, “ಅಮೂಲ್ಯಾ ಅಂದ್ರೆ ನಿಂಗೆ ಹೊಟ್ಟೆ ಉರಿ,” ಎಂದಳು.

“ಉರಿಯುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀನೇ ಅವನನ್ನ ಕೇಳು.”

ಫೋನು ಕಟ್ಟಾಯಿತು. ಎರಡು ದಿನ ಚಂದ್ರಿಕಾಳ ಸುದ್ದಿಯಿಲ್ಲ. ಸಿರಿಶಾ ಪ್ರಯೋಗಾಲಯದಲ್ಲಿ ಒಂದೇ ಬೀಕರನ್ನು ಮತ್ತೆ ಮತ್ತೆ ತೊಳೆದಳು.

ಶುಕ್ರವಾರ ಚಂದ್ರಿಕಾಳೇ ಫೋನು ಮಾಡಿದಳು. “ಕೇಳ್ದೆ. ನೋಂದಣಿಗೆ ಅರ್ಜಿ ಹಾಕಿದೀನಿ ಅಕ್ಕಾ, ಇನ್ನೂ ಬಂದಿಲ್ಲ, ಯಾರೂ ಕೇಳ್ಲಿಲ್ಲ ಅಂತ ಹೇಳ್ಲಿಲ್ಲ ಅಂದ. ಬಂದ್ಮೇಲೆ ಮಾಡಿಸ್ತೀನಿ. ನೀನು ಹೇಳಿದ್ದು ಸರಿ ಕಣೆ. ಆದ್ರೆ ಎಷ್ಟು ಖುಷಿಯಾಗಿ ಹೇಳ್ದೆ!”

“ಹೂಂ,” ಎಂದಳು ಸಿರಿಶಾ.

“ನಾಳೆ ಬಾ. ಅಮೂಲ್ಯಾನೂ ಬರ್ತಾಳೆ.”

ಸಿರಿಶಾ ಹೋದಳು. ಅಮೂಲ್ಯಾ ಫೋನು ಹಿಡಿದು ಪಕ್ಕದಲ್ಲೇ ಕುಳಿತಳು. “ಸಿರಿಶಾ ಅಕ್ಕಾ, ನೀವು ಹೆಂಗ್ ಹುಡುಕ್ತೀರಾ, ತೋರ್ಸಿ. ನಂಗೆ ಇದೆಲ್ಲ ಗೊತ್ತೇ ಇರ್ಲಿಲ್ಲ.”

ಹೆಸರು ಹುಡುಕುವುದನ್ನು ತೋರಿಸಿದಳು. ಯಾವ ಯಾವ ಕೆಲಸಕ್ಕೆ ನೋಂದಣಿ ಇದೆ ಎಂದು ನೋಡುವುದನ್ನೂ ತೋರಿಸಿದಳು. ಇನ್ನೊಂದಿತ್ತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಚಂದ್ರಿಕಾ ಇತ್ತಲೇ ನೋಡುತ್ತಿದ್ದಳು.

“ಕೆಲಸದವರು ಕೊಟ್ಟ ನಂಬರಿಗೆ ಫೋನ್ ಮಾಡ್ಬೇಡ,” ಎಂದಳು ಸಿರಿಶಾ, ಹಲ್ಲು ಕಿತ್ತುಕೊಟ್ಟಂತೆ. “ವೆಬ್‌ಸೈಟಲ್ಲಿರೋ ಕಂಪನಿ ನಂಬರಿಗೇ ಮಾಡು. ಈ ಮನುಷ್ಯ ಈಗಲೂ ನಿಮ್ಮಲ್ಲೇ ಇದಾನಾ ಅಂತ ಕೇಳು.”