ಎಡಮಗ್ಗುಲ ಬಸಿರು

ಮೊನ್ನೆ ಮಗಳು ವಿಜ್ಞಾನದ ಪುಸ್ತಕ ಹಿಡಿದು ‘ಜರಾಯು, ಜರಾಯು’ ಎಂದು ಉರು ಹೊಡೆಯುತ್ತಿದ್ದಳು. ನಾವು ಮಾಸು ಎನ್ನುವುದಕ್ಕೆ ಪುಸ್ತಕದವರು ಇಟ್ಟ ಹೆಸರು ಅದು. ನನಗೆ ನಗು ತಡೆಯಲಾಗಲಿಲ್ಲ. ಆ ಪಾಠವನ್ನು ನಾನೂ ನಮ್ಮತ್ತೆಯೂ ಕಲಿತದ್ದು ಇವಳು ಹೊಟ್ಟೆಯಲ್ಲಿದ್ದಾಗ, ಯಾವ ಮಗ್ಗುಲಲ್ಲಿ ಮಲಗಬೇಕೆಂಬ ಜಗಳದಲ್ಲಿ.

ಏಳನೇ ತಿಂಗಳಲ್ಲಿ ಅತ್ತೆಯ ಜೊತೆ ಕೊಳ್ಳೇಗಾಲಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರಮ್ಮ, ಮಗು ಸ್ವಲ್ಪ ಸಣ್ಣಗಿದೆ, ಮಾಸಿಗೆ ರಕ್ತ ಇನ್ನೂ ಚೆನ್ನಾಗಿ ಹರಿಯಬೇಕು ಎಂದರು. ಎಡಮಗ್ಗುಲಲ್ಲಿ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳವನ್ನು ಒತ್ತುವುದಿಲ್ಲವಂತೆ. ಎರಡು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ನನಗೆ ಮಗುವಿನದೇ ಚಿಂತೆ. ಅತ್ತೆಯ ಚಿಂತೆಯೇ ಬೇರೆ. ನಮ್ಮ ಮನೆಯಲ್ಲಿ ಎಡಮಗ್ಗುಲಲ್ಲಿ ಎದ್ದವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುವಾಗ ಎಡವೇನು, ಬಲವೇನು ಎಂದು ವಾದಕ್ಕೆ ನಿಂತರು.

ಡಾಕ್ಟರಮ್ಮ ಬೇಸರಿಸಲಿಲ್ಲ. ತಾಯಿಯ ರಕ್ತ, ಮಗುವಿನ ರಕ್ತ ಬೆರೆಯುವುದೇ ಇಲ್ಲ. ಮಾಸಿನ ಎಳೆಎಳೆಯಾದ ಬೇರುಗಳ ಸುತ್ತ ತಾಯಿಯ ರಕ್ತ ತುಂಬುತ್ತದೆ, ಬೇರುಗಳು ಅದರಿಂದ ಆಹಾರವನ್ನೂ ಉಸಿರನ್ನೂ ಹೀರಿ ಮಗುವಿಗೆ ಕಳಿಸುತ್ತವೆ, ಬೇಡದ್ದನ್ನು ಹಿಂದಕ್ಕೆ ಕೊಡುತ್ತವೆ ಎಂದರು. ಜೀವಮಾನವೆಲ್ಲ ಹಿಪ್ಪುನೇರಳೆ ಬೆಳೆದ ಅತ್ತೆ ಅದನ್ನು ತಮ್ಮ ತೋಟದ ಲೆಕ್ಕಕ್ಕೆ ತಂದುಕೊಂಡರು.

“ಪಾತಿಗೆ ನೀರ್ ಬುಡೋದು ನಾವು, ಈರ್ಕಳೋದು ಬೇರು. ಅಂಗಾರೆ ಕಾಲ್ವೆ ಮ್ಯಾಲೆ ಯಾರೂ ಕೂರ್ಬಾರ್ದು ಅನ್ನಿ.”

ಡಾಕ್ಟರಮ್ಮ ಬರೆಯುವುದನ್ನು ಬಿಟ್ಟು ನಕ್ಕರು.

ಹಾಗೆಂದು ಅತ್ತೆ ಪೂರ್ತಿ ಸೋತರು ಎಂದುಕೊಳ್ಳಬೇಡಿ. ಮಲಗುವುದು ಎಡಕ್ಕೆ, ಏಳುವುದು ಬಲಕ್ಕೆ ಎಂದು ತೀರ್ಪು ಕೊಟ್ಟರು. ಬಸುರಿ ಮಲಗಿದಲ್ಲೇ ಹೊರಳಿದರೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆಂಬ ನಂಬಿಕೆ ಬೇರೆ. ಹಾಗಾಗಿ ದಿನಾ ಬೆಳಿಗ್ಗೆ ನಾನು ಎದ್ದು ಕೂತು, ತಿರುಗಿ, ಬಲಕ್ಕೆ ಒಂದು ಗಳಿಗೆ ಮಲಗಿ, ಮತ್ತೆ ಏಳಬೇಕು. ಅಷ್ಟೂ ಹೊತ್ತು ಅತ್ತೆ ಬಾಗಿಲಲ್ಲೇ ಕಾವಲು. ನನಗೆ ಉರಿದುಹೋಗುತ್ತಿತ್ತು.

ಎರಡು ವಾರದ ಮೇಲೆ ಮಗು ಬೆಳೆದಿತ್ತು. ಹೆರಿಗೆಯ ದಿನ ತೂಕವೂ ಸರಿಯಾಗಿತ್ತು. ಅತ್ತೆ ಮೊಮ್ಮಗಳನ್ನು ಎದೆಗೊತ್ತಿಕೊಂಡವರು, ಮಾಸನ್ನೂ ತೋರಿಸಿ ಎಂದು ಸಿಸ್ಟರ್‌ ಅವರನ್ನು ಕೇಳಿದರು. ಅವರು ತಂದ ತಟ್ಟೆಯ ಮೇಲೆ ಬಗ್ಗಿ, ಮನೆಯವರೊಬ್ಬರ ಜೊತೆ ಮಾತಾಡುವಂತೆ ಅದಕ್ಕೆ ಹೇಳಿದರು:

“ನೆಂಟ್ರಂಗೆ ಬಂದು ಆಳಂಗೆ ಗೇದ್ಯಲ್ಲವ್ವ. ಇನ್ನು ಒರಗ್ಕೊ.”

ಅಷ್ಟು ದಿನದ ಸಿಟ್ಟೆಲ್ಲ ಅಲ್ಲೇ ಇಳಿಯಿತು. ನಾನು ಸಂತೋಷಕ್ಕೆ ಅತ್ತುಬಿಟ್ಟೆ.

ಇಷ್ಟನ್ನೂ ಕೇಳಿದ ಮಗಳು ಉರು ಹೊಡೆಯುವುದನ್ನು ನಿಲ್ಲಿಸಿ, ಬಟ್ಟೆಯ ಮೇಲಿಂದಲೇ ಹೊಕ್ಕುಳನ್ನು ಮುಟ್ಟಿ ನೋಡಿಕೊಂಡಳು. ಅವಳನ್ನು ನೋಡಿ ನಾನೂ ಮುಟ್ಟಿಕೊಂಡೆ. ಆಮೇಲೆ ಹನೂರಿನಲ್ಲಿರುವ ನಮ್ಮವ್ವನಿಗೆ ಫೋನು ಮಾಡಿದೆ. ಹೇಳುವ ವಿಷಯವೇನೂ ಇರಲಿಲ್ಲ.