ಮದ್ದುಗಾರ್ತಿಯ ಕೈ ಇಳಿಸಿದವನು

ಮಾರ್ಚ್ ಹನ್ನೆರಡು, ಮಂಗಳವಾರ. ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ ಇತ್ತು, ಅನ್ನ ಇನ್ನೂ ಹಬೆಯಲ್ಲಿತ್ತು. ಒಕ್ಬುನ್ ತನ್ನ ಊಟದಂಗಡಿಯ ಪರದೆ ಸರಿಸುವುದಕ್ಕೂ ಆ ಮನುಷ್ಯ ಒಳಗೆ ಬರುವುದಕ್ಕೂ ಸರಿಹೋಯಿತು. ನಲವತ್ತು ದಾಟಿದವನು, ಅಂಗಿಯ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದ. ಮೂಲೆಯ ಮೇಜಿಗೆ ಕೂತು, ಒಂದೂವರೆಯವರೆಗೆ ಉಂಡದ್ದಕ್ಕಿಂತ ಬರೆದದ್ದೇ ಹೆಚ್ಚು. ಯಾವ ಮೇಜಿನವರು ಯಾವ ಪಲ್ಯವನ್ನು ಮತ್ತೆ ಕೇಳಿದರು ಎಂದು ಗೀಟು ಎಳೆಯುತ್ತಿದ್ದ.

ಒಕ್ಬುನ್ ಸೌಟು ಹಿಡಿದೇ ಹತ್ತಿರ ಹೋದಳು. "ತೆರಿಗೆಯೋರಾ, ಆರೋಗ್ಯ ಇಲಾಖೆಯೋರಾ? ಹೇಳಿಬಿಡಿ. ಸಾರು ಬಡಿಸ್ಬೇಕೋ ಬೇಡ್ವೋ ನೋಡ್ತೀನಿ."

"ಎರಡೂ ಅಲ್ಲ ಅಜ್ಜಿ, ಮೇಲಿನ ಏಳನೇ ಮಹಡಿಯೋನು. ನಿಮ್ಮ ಒಣಮೀನು ಹದಿನೇಳು ಸಲ ಖಾಲಿ ಆಯ್ತು. ಮೂಲಂಗಿ ಎರಡೇ ಸಲ. ನನ್ನ ಕೈಗೆ ಕೊಟ್ರೆ ಒಣಮೀನಿಗೆ ಸಕ್ಕರೆ ಒಂಚೂರು ಕಮ್ಮಿ ಮಾಡ್ತಿದ್ದೆ."

"ನಿನ್ನ ಬಾಯಿಗೆ ಮಣ್ಣು ಹಾಕ! ಚೆನ್ನಾಗಿರೋದನ್ನ ಯಾರಾದ್ರೂ ಕೆಡಿಸ್ತಾರಾ? ನಾನಾದ್ರೆ ಮೂಲಂಗಿನೇ ರುಚಿ ಮಾಡ್ತೀನಿ."

"ಎಲ್ರೂ ಹಾಗೇ ಬೈತಾರೆ," ಅಂದ ಅವನು, ಬೇಜಾರಿಲ್ಲದೆ. "ಒಂದೊಂದನ್ನೇ ಏರಿಸ್ತಾ ಹೋದ್ರೆ ವರ್ಷದೊಳಗೆ ನಾಲಿಗೆ ಸತ್ತುಹೋಗತ್ತೆ ಅಜ್ಜಿ. ಆಮೇಲೆ ಯಾವುದಕ್ಕೂ ರುಚಿ ಇರಲ್ಲ."

ಪಾತ್ರೆ ತೊಳೆಯುವಾಗಲೂ ಒಕ್ಬುನ್‌ಗೆ ಆ ಮಾತು ತಲೆಯಲ್ಲೇ ಇತ್ತು.

ಅವನ ಹೆಸರು ತಾಕ್ ಗಿಲ್ಜುನ್. ಪಂಗ್ಯೋದ ಆ ಬೀದಿಯಲ್ಲಿ ಅರ್ಧಕ್ಕರ್ಧ ಕಟ್ಟಡಗಳು ಕಂಪ್ಯೂಟರ್ ಆಟ ತಯಾರಿಸುವ ಕಂಪನಿಗಳದೇ. ಅವನ ಕಂಪನಿಯ ಆಟದಲ್ಲಿ ಲಕ್ಷಾಂತರ ಜನ ಒಟ್ಟಿಗೆ ಸೇರಿ ರಾಕ್ಷಸರ ಮೇಲೆ ಹೋಗುತ್ತಾರೆ. ಕತ್ತಿಯವರು, ಬಿಲ್ಲಿನವರು, ಬೆಂಕಿಯವರು, ಗಾಯ ಮಾಯಿಸುವ ಮದ್ದುಗಾರ್ತಿಯರು ಎಂದು ಪಂಗಡಗಳು. ಯಾರ ಕೈಯೂ ಮೇಲಾಗದಂತೆ, ಯಾರೂ ಬೇಡವಾದವರಾಗದಂತೆ ತೂಕ ನೋಡುವುದು ಅವನ ಕೆಲಸ. ಒಂದು ಅಂಕಿ ಇಳಿಸಿದರೆ ಇಡೀ ಪಂಗಡವೇ ಬೈಯುತ್ತದೆ. ಏರಿಸಿದರೆ ಉಳಿದ ಮೂರು ಪಂಗಡ ಬೈಯುತ್ತವೆ. ಬದಲಾವಣೆಯ ಪ್ರಕಟಣೆಯ ಕೆಳಗೆ ಅವನ ಹೆಸರಿರುತ್ತಿತ್ತು.

"ಅಂದ್ರೆ ನಾಲ್ಕು ಸೊಸೇರಿರೋ ಮನೆ ಅತ್ತೆ ನೀನು," ಅಂದಿದ್ದಳು ಒಕ್ಬುನ್.

"ಅತ್ತೆಗಾದ್ರೂ ಮನೆ ಇರತ್ತೆ ಅಜ್ಜಿ."

ಹೆಂಡತಿ ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಮಗಳು ಚೆರಿನ್‌ಗೆ ಹದಿನಾಲ್ಕು; ತಾಯಿಯ ಜೊತೆ ದೂರದ ಚಾಂಗ್ವನ್‌ನಲ್ಲಿ ಇದ್ದಳು. ಫೋನ್ ಮಾಡಿದರೆ 'ಹೂಂ', 'ಊಟ ಆಯ್ತು', ಅಲ್ಲಿಗೆ ಮುಗಿಯಿತು. ಆದರೆ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತು ಅಪ್ಪ ಮಗಳು ಆಟದೊಳಗೆ ಸೇರುತ್ತಿದ್ದರು. ಅವನು ಕತ್ತಿ ಹಿಡಿದು ಮುಂದೆ, ಅವಳು ಮದ್ದುಗಾರ್ತಿಯಾಗಿ ಹಿಂದೆ. ಅವನಿಗೆ ಏಟು ಬಿದ್ದ ಕೂಡಲೇ ಅವಳು ಗಾಯ ಮುಚ್ಚುತ್ತಿದ್ದಳು. ಸೋಮವಾರ ಅದನ್ನು ಹೇಳುವಾಗ ಅವನು ಎರಡು ಬಟ್ಟಲು ಅನ್ನ ಉಣ್ಣುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ಅವನ ಊಟ ಕಮ್ಮಿಯಾಯಿತು. ಒಕ್ಬುನ್ ಮೂರು ದಿನ ನೋಡಿ, ನಾಲ್ಕನೇ ದಿನ ಕೇಳಿದಳು.

"ಮದ್ದುಗಾರ್ತಿಯರ ಕೈ ತೀರಾ ಮೇಲಾಗಿದೆ ಅಜ್ಜಿ. ಇಬ್ಬರಿದ್ರೆ ಆ ತಂಡ ಸಾಯೋದೇ ಇಲ್ಲ. ಇಳಿಸ್ಬೇಕು."

"ಮಗಳದ್ದನ್ನಾ?"

"ಮಗಳದ್ದು ಅಂತ ಬಿಟ್ರೆ ನಾನೆಂಥ ತೂಕದೋನು?"

"ಅವಳಿಗೆ ಮೊದಲೇ ಹೇಳು."

"ಒಬ್ಬರಿಗೆ ಮೊದಲೇ ಹೇಳೋ ಹಾಗಿಲ್ಲ," ಅಂದ.

ಅಕ್ಟೋಬರ್ ಹತ್ತೊಂಬತ್ತು, ಶನಿವಾರ. ಎಂಟು ಗಂಟೆಗೆ ಕಸ ಗುಡಿಸಲು ಹೊರಗೆ ಬಂದ ಒಕ್ಬುನ್ ಪೊರಕೆ ಹಿಡಿದು ಹಾಗೇ ನಿಂತಳು. ಕಟ್ಟಡದ ಬಾಗಿಲಿಂದ ಬಸ್ ನಿಲ್ದಾಣದವರೆಗೆ, ಸಾವಿನ ಮನೆಗೆ ಕಳಿಸುವ ಬಿಳಿ ಸೇವಂತಿಗೆಯ ದೊಡ್ಡ ಹೂಚಕ್ರಗಳು, ಇಪ್ಪತ್ತಮೂರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ರಿಬ್ಬನ್ನಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದಳು. ಶ್ರದ್ಧಾಂಜಲಿ. ತಾಕ್ ಗಿಲ್ಜುನ್.

ಎಷ್ಟು ಜನ ಬರಬಹುದು ಎಂದು ತಿಳಿಯಲು ಕಳಿಸಿದವರ ಹೆಸರನ್ನೂ ಬಿಡದೆ ಓದಿದಳು. ಆಮೇಲೆ ಒಳಗೆ ಹೋಗಿ ಕಪ್ಪು ರವಿಕೆ ತೊಟ್ಟು, ಸಾವಿನ ಮನೆಯಲ್ಲಿ ಬಂದವರಿಗೆ ಬಡಿಸುವ ಕೆಂಪು ಮಾಂಸದ ಸಾರಿಗೆ ದೊಡ್ಡ ಹಂಡೆ ಇಟ್ಟಳು. ಅವನಿಗೆ ಮಾಡಲು ಇನ್ಯಾರಿದ್ದಾರೆ?

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಪರದೆ ಸರಿಸಿಕೊಂಡು ಗಿಲ್ಜುನ್ ಒಳಗೆ ಬಂದ. ಒಕ್ಬುನ್‌ಳ ಕೈಯಿಂದ ಸೌಟು ಬಿತ್ತು.

"ಹಾಳಾದೋನೇ! ಸತ್ತಿಲ್ವಾ ನೀನು?"

ಅವನು ಹಂಡೆ ನೋಡಿದ, ಅವಳ ಕಪ್ಪು ರವಿಕೆ ನೋಡಿದ. ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡ. "ಮದ್ದುಗಾರ್ತಿಯರ ಕೈ ಇಳಿಸಿದ್ನಲ್ಲ, ಆಟ ಆಡೋರ ಸಿಟ್ಟು ಇದು. ಈಗಿನೋರು ಹೀಗೇ ಹೂ ಕಳಿಸ್ತಾರೆ ಅಜ್ಜಿ, ಬದುಕಿದ್ದಾಗಲೇ. ಬಡಿಸಿ, ನನ್ನ ಸಾವಿನೂಟ ನಾನೂ ಉಂಡು ನೋಡ್ತೀನಿ."

ಅವಳು ಬೈಯುತ್ತಲೇ ಬಡಿಸಿದಳು. ಅವನು ಬೆವರು ಒರೆಸಿಕೊಳ್ಳುತ್ತಾ ಉಂಡ. ಅವನ ನಗು ನೋಡಿ ಅವಳಿಗೂ ಹಗುರಾಯಿತು.

"ನಿನ್ನ ಸಾವಿಗೆ ಬಂದ ನೆಂಟ್ರನ್ನ ನೋಡ್ಬೇಕು! ಒಬ್ಬ ತೂತು ಕಾಲುಚೀಲ ಅಂತೆ, ಇನ್ನೊಬ್ಬ ಬಾಡಿಗೆ ದೊರೆ, ಅವರ ಜೊತೆಗೊಂದು ನಿದ್ದೆಗಣ್ಣಿನ ಆಮೆ—"

ಅವನ ಚಮಚ ನಿಂತಿತು.

"ಇನ್ನೊಂದ್ಸಲ ಹೇಳಿ."

ಹೇಳಿದಳು. ಅವಳ ಓದು ನಿಧಾನ, ಆದರೆ ತಪ್ಪುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

"ಆ ಆಮೆ ನನ್ನ ಚೆರಿನ್, ಅಜ್ಜಿ. ಆಟದಲ್ಲಿ ಅವಳ ಹೆಸರು."

ಒಕ್ಬುನ್‌ಗೆ ತನ್ನ ನಾಲಿಗೆಯನ್ನೇ ಕಿತ್ತು ಹಾಕೋಣ ಅನ್ನಿಸಿತು. ಅವನು ತಟ್ಟೆಗೆ ಹೇಳುವಂತೆ ಹೇಳಿದ.

"ಇಳಿಸ್ಬೇಕಾಗಿದ್ದು ನೂರಕ್ಕೆ ಹನ್ನೆರಡು. ಮೂರು ಸಲ ಒರೆ ಹಚ್ಚಿ ನೋಡಿದ್ದೆ. ಮಗಳ ಪಂಗಡ ಅಂತ ಕಮ್ಮಿ ಇಳಿಸ್ತಿದೀನೇನೋ ಅಂತ ನನ್ನ ಮೇಲೇ ನನಗೆ ಅನುಮಾನ ಬಂತು. ಇಪ್ಪತ್ತು ಇಳಿಸಿಬಿಟ್ಟೆ. ಈಗ ಮದ್ದುಗಾರ್ತಿಯರನ್ನ ಯಾವ ತಂಡದೋರೂ ಕರಕೊಳ್ಳಲ್ಲ. ಅವಳು ಆಟದೊಳಗಿನ ಸಂತೆ ಬೀದೀಲಿ ನಿಂತು 'ಯಾರಿಗಾದ್ರೂ ನಾನು ಬೇಕಾ' ಅಂತ ನಲವತ್ತು ನಿಮಿಷ ಕೇಳಿದ್ಲು. ನಾನು ಬಾ ಅಂದೆ. ಉತ್ತರ ಕೊಡಲಿಲ್ಲ."

ಮುಂದಿನ ವಾರ ಅವನು ಎಂಟನ್ನು ವಾಪಸ್ ಏರಿಸಿದ. ಮದ್ದುಗಾರ್ತಿಯರೆಲ್ಲ ಮರಳಿದರು, ಹೂಚಕ್ರಗಳನ್ನು ಲಾರಿ ಬಂದು ಹೊತ್ತೊಯ್ದಿತು. ನಿದ್ದೆಗಣ್ಣಿನ ಆಮೆ ಬರಲಿಲ್ಲ. ನಾಲ್ಕು ಶನಿವಾರ ಅವನು ಆಟದೊಳಗೆ ಒಬ್ಬನೇ ನಿಂತು ಕಾದ. ಫೋನಿನಲ್ಲಿ 'ಹೂಂ' ಕೂಡ ನಿಂತುಹೋಯಿತು.

ಆಮೇಲೆ ಅವನು ಅಂಗಡಿಗೆ ಬಂದದ್ದು ಒಂದೇ ಸಲ, ನವೆಂಬರ್ ಕೊನೆಯ ಗುರುವಾರ. ಕೆಲಸ ಬಿಟ್ಟಿದ್ದ. ಒಣಮೀನು ಮುಟ್ಟಲಿಲ್ಲ. ನಾಳೆ ಚಾಂಗ್ವನ್‌ಗೆ ಹೋಗಿ ಮಗಳ ಶಾಲೆಯ ಮುಂದೆ ನಿಲ್ಲುತ್ತೇನೆ ಅಂದ. ಒಕ್ಬುನ್ ಅನ್ನದ ಉಂಡೆ ಆರು ಕಟ್ಟಿಕೊಟ್ಟಳು, ಮೂರು ಅವನಿಗೆ, ಮೂರು ಹುಡುಗಿಗೆ. ಅವನು ಬಾಗಿಲವರೆಗೆ ಹೋದವನು ಪರದೆ ಹಿಡಿದು ಅಲ್ಲೇ ನಿಂತ.

"ಅಜ್ಜಿ, ಆಟದಲ್ಲಿ 'ನನ್ನ ಹಿಂದೆ ನಿಲ್ಲು' ಅಂದ್ರೆ ಸಾಕಾಗ್ತಿತ್ತು. ಶಾಲೆ ಗೇಟಲ್ಲಿ ಅವಳು ನನ್ನೆದುರಿಗೇ ಬಂದು ನಿಂತ್ರೆ, ಮೊದಲು ಏನಂತ ಮಾತಾಡಿಸ್ಲಿ?"